ದೊಡ್ಡವರ ಆರ್‌ಪಿಜಿಯಲ್ಲಿ ಅಂಥದ್ದೇನಿದೆ ಅಂತ ಕೇಳಿದವರಿಗೆ

ನಿಮ್ಮ ಪ್ರಶ್ನೆ ಮೊನ್ನೆಯೇ ನೋಡಿದ್ದೆ, ಆಫೀಸಿನ ಗಲಾಟೆಯಲ್ಲಿ ಬರೆಯೋಕೆ ಆಗಲಿಲ್ಲ. ನೀವು ಕೇಳಿದ್ದು ಇಷ್ಟು: ಈ ಗುಂಪಿನಲ್ಲಿ ಅರ್ಧ ಜನ ಯಾರೋ ಒಬ್ಬಿಬ್ಬರು ಮನೆಯಲ್ಲಿ ಕೂತು ಮಾಡಿದ 'ಅಡಲ್ಟ್' ಆರ್‌ಪಿಜಿಗಳ (ಒಂದು ಪಾತ್ರ ವಹಿಸಿಕೊಂಡು ಕತೆಯೊಳಗೆ ಆಡುವ ಕಂಪ್ಯೂಟರ್ ಆಟಗಳ) ಬಗ್ಗೆಯೇ ಮಾತಾಡ್ತಾರೆ, ಗ್ರಾಫಿಕ್ಸ್ ಇಲ್ಲ, ಓದೋದೇ ಜಾಸ್ತಿ, ಇದರಲ್ಲಿ ಏನು ಮಜಾ? ಅಥವಾ ಬರೀ 'ಆ ತರದ' ಚಿತ್ರಕ್ಕೋಸ್ಕರವಾ?

ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ಕೊನೆಯ ಪ್ರಶ್ನೆ ಮೊದಲು ಮುಗಿಸಿಬಿಡ್ತೀನಿ. ಅಡಲ್ಟ್ ಅನ್ನೋದು ಎರಡು ಬೇರೆ ಬೇರೆ ಅಂಗಡಿಗೆ ನೇತುಹಾಕಿದ ಒಂದೇ ಬೋರ್ಡು. ಒಂದು ಅಂಗಡಿಯಲ್ಲಿ ನಿಜವಾಗಿಯೂ 18+ ಸರಕು ಇದೆ. ಇನ್ನೊಂದರಲ್ಲಿ ಇರೋದು ದೊಡ್ಡವರ ಬದುಕು: ಕುಡಿತ, ಸಾಲ, ಬಿಟ್ಟುಹೋದ ಹೆಂಡತಿ, ಕೈಕೊಟ್ಟ ದೇಹ, ಮಾಡಿದ ತಪ್ಪು. ನಾನು ಎರಡೂ ಅಂಗಡಿಗೆ ಹೋಗಿದ್ದೇನೆ, ಸುಳ್ಳು ಯಾಕೆ ಹೇಳಲಿ.

18+ ಆಟಗಳ ಕಡೆ ಹೆಚ್ಚಿನವರು ಹೋಗೋದು ಕುತೂಹಲಕ್ಕೇ. ಆದರೆ ಬರೀ ಚಿತ್ರ ಬೇಕಾದವನಿಗೆ ಇಂಟರ್ನೆಟ್ಟಿನಲ್ಲಿ ಬರವಿಲ್ಲ, ಅದಕ್ಕಾಗಿ ಮೂವತ್ತು ಗಂಟೆ ಡೈಲಾಗ್ ಓದುವವರು ಯಾರೂ ಇಲ್ಲ. ಅಲ್ಲೇ ಉಳಿದುಕೊಳ್ಳುವವರು ಉಳಿಯೋದು ಪಾತ್ರಗಳಿಗೋಸ್ಕರ. ದೊಡ್ಡ ಕಂಪನಿಯ ಆಟಗಳಲ್ಲಿ ಪ್ರೀತಿ ಅಂದರೆ ನಾಲ್ಕು ಗಿಫ್ಟು ಕೊಡು, ಸರಿಯಾದ ಮೂರು ಉತ್ತರ ಆರಿಸು, ಮುಗೀತು. ಇಲ್ಲಿ ಒಂದು ಸಂಬಂಧ ನಿಧಾನಕ್ಕೆ ಬೆಳೆಯುತ್ತೆ, ಮುನಿಸಿಕೊಳ್ಳುತ್ತೆ, ಕೆಲವು ಸಲ ಮುರಿದೂ ಬೀಳುತ್ತೆ. ಮಾಡುವವರು ಬಹಳ ಸಲ ಒಬ್ಬರೇ. ರೆನ್‌ಪೈ ಅಥವಾ ಆರ್‌ಪಿಜಿ ಮೇಕರ್ ಅನ್ನೋ ಆಟ ಕಟ್ಟುವ ಸಾಫ್ಟ್‌ವೇರ್ ಹಿಡಿದು ಕೂತು, ಪೇಟ್ರಿಯಾನ್ ಅನ್ನೋ ಚಂದಾ ಸೈಟಿನಲ್ಲಿ ಆಟಗಾರರು ತಿಂಗಳಿಗೆ ಕೊಡುವ ದುಡ್ಡಿನಲ್ಲಿ 0.1, 0.2 ಅಂತ ಕಂತು ಕಂತಾಗಿ ಬಿಡ್ತಾರೆ. ನಮ್ಮ ಅಮ್ಮಂದಿರು ವಾರಪತ್ರಿಕೆಯ ಧಾರಾವಾಹಿಗೆ ಕಾಯುತ್ತಿದ್ದರಲ್ಲ, ಅದೇ ಕಾಯುವಿಕೆ. ವ್ಯತ್ಯಾಸ ಏನಂದರೆ ಇಲ್ಲಿ ಓದುಗರ ಗೊಣಗಾಟ ಬರೆದವರಿಗೆ ನೇರ ತಲುಪುತ್ತೆ, ಮುಂದಿನ ಕಂತಿನಲ್ಲಿ ಕತೆ ಬದಲಾದರೂ ಆಯಿತು. ಕೆಟ್ಟದ್ದೂ ಹೇಳಬೇಕು: ಇಂಥವು ಎಷ್ಟೋ ಅರ್ಧಕ್ಕೇ ನಿಂತುಹೋಗಿವೆ. 0.6ರವರೆಗೆ ಬಂದು ಮಾಯ. ಎಷ್ಟೋ ಆಟಗಳ ಕತೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ನಾನು ಶುರು ಮಾಡಿದ ಹತ್ತರಲ್ಲಿ ಎರಡು ಮುಗಿಸಿರಬಹುದು.

ಈ ಅಂಗಡಿಯ ಬಾಗಿಲೂ ಯಾವಾಗ ಮುಚ್ಚುತ್ತೋ ಗೊತ್ತಾಗಲ್ಲ. ಆನ್‌ಲೈನಿನಲ್ಲಿ ಕಂಪ್ಯೂಟರ್ ಆಟ ಮಾರುವ ಸ್ಟೀಮ್‌ನವರು 2018ರಲ್ಲಿ ಕಾನೂನಿಗೆ ವಿರುದ್ಧ ಇಲ್ಲದ, ಬೇಕಂತಲೇ ಕೆಣಕೋಕೆ ಮಾಡಿರದ ಆಟ ಯಾವುದಾದರೂ ಸರಿ ಅಂದರು. 2025ರ ಜುಲೈನಲ್ಲಿ ಕಾರ್ಡು ಮತ್ತು ಪೇಮೆಂಟ್ ಕಂಪನಿಗಳ ಒತ್ತಡಕ್ಕೆ ಅವರೇ ಕೆಲವು ಆಟಗಳನ್ನು ತೆಗೆದುಹಾಕಿದರು. ಅದೇ ತಿಂಗಳು ಸಣ್ಣಪುಟ್ಟವರ ಆಟ ಮಾರುವ ಇಚ್ ಡಾಟ್ ಐಓ ಸೈಟಿನವರು 18+ ಆಟಗಳು ಹುಡುಕಿದರೆ ಸಿಗದ ಹಾಗೆ ಮಾಡಿದರು. ಆ ಗಾಳಿಯಲ್ಲಿ 'ಆ ತರದ್ದು' ಏನೂ ಇಲ್ಲದ, ಗಂಭೀರ ವಿಷಯಕ್ಕೆ 18+ ಗುರುತು ಹಾಕಿಕೊಂಡ ಸಣ್ಣ ಆಟಗಳೂ ಹಾರಿಹೋದವು. ಒಂದೇ ಬೋರ್ಡಿನ ತೊಂದರೆ ಅಂದರೆ ಇದೇ.

ಈಗ ಎರಡನೇ ಅಂಗಡಿ. ನನಗೆ ಹೆಚ್ಚು ಹೇಳೋದಿರೋದು ಇದರ ಬಗ್ಗೆ.

ಡಿಸ್ಕೋ ಎಲಿಸಿಯಂ. 2019ರ ಅಕ್ಟೋಬರ್‌ನಲ್ಲಿ ಬಂತು, ಮಾಡಿದವರು ಎಸ್ಟೋನಿಯಾದ ಒಂದು ಗೆಳೆಯರ ಬಳಗ. ಅವರಲ್ಲಿ ಯಾರೂ ಮೊದಲು ಆಟ ಮಾಡಿ ಹೆಸರು ಮಾಡಿದವರಲ್ಲ. ನೀವೊಬ್ಬ ಪೊಲೀಸ್. ಕುಡಿದು ಕುಡಿದು ನಿಮ್ಮ ಹೆಸರೇ ನಿಮಗೆ ಮರೆತುಹೋಗಿದೆ. ಹೋಟೆಲ್ ರೂಮಿನ ನೆಲದ ಮೇಲೆ ಎಚ್ಚರ ಆಗುತ್ತೆ, ಮೈಮೇಲೆ ಸರಿಯಾಗಿ ಬಟ್ಟೆ ಇಲ್ಲ, ಮೇಲೆ ತಿರುಗುವ ಫ್ಯಾನಿಗೆ ನಿಮ್ಮ ಟೈ ಸಿಕ್ಕಿಕೊಂಡಿದೆ. ಹೋಟೆಲಿನ ಹಿಂದೆ ಮರಕ್ಕೆ ಒಂದು ಹೆಣ ನೇತಾಡ್ತಾ ವಾರ ಆಗಿದೆ. ಅದನ್ನು ಇಳಿಸೋಕೆ ಬಂದವರು ನೀವೇ, ಇನ್ನೂ ಇಳಿಸಿಲ್ಲ. ಒಬ್ಬ ಪೋರ ಅದಕ್ಕೆ ಕಲ್ಲು ಹೊಡೀತಾ ಆಡ್ತಿದ್ದಾನೆ.

ನಾನು ಮೊದಲ ಸಲ ಆಡುವಾಗ, ಪಾತ್ರದ ಗುಣಗಳಿಗೆ ಹಂಚೋಕೆ ಶುರುವಿನಲ್ಲಿ ಕೊಡುವ ಪಾಯಿಂಟೆಲ್ಲ ಬುದ್ಧಿಗೆ ಸುರಿದು ದೇಹಕ್ಕೆ 1 ಬಿಟ್ಟಿದ್ದೆ. ಪತ್ತೇದಾರ ಅಲ್ವಾ, ತಲೆ ಇದ್ದರೆ ಸಾಕು ಅಂತ. ಟೈ ಹಿಡಿಯೋಕೆ ಕೈ ಹಾಕಿದೆ. ಇಂಥ ಕೆಲಸ ಆಗುತ್ತೋ ಇಲ್ಲವೋ ಅಂತ ಆಟ ದಾಳ ಹಾಕಿ ತೀರ್ಮಾನ ಮಾಡುತ್ತೆ, ಆ ದಾಳ ಕೈಕೊಟ್ಟಿತು. ಹೃದಯಾಘಾತ, ಆಟ ಮುಗೀತು, ಪರದೆ ಮೇಲೆ ನನ್ನ ಸಾವಿನ ಸುದ್ದಿ ಹೊತ್ತ ಪೇಪರ್. ಪ್ಯಾಂಟು ಹಾಕಿಕೊಳ್ಳೋಕೆ ಮೊದಲೇ ಸತ್ತಿದ್ದೆ! ರಾತ್ರಿ ಹನ್ನೊಂದೂವರೆಗೆ ಒಬ್ಬನೇ ನಕ್ಕಿದ್ದಕ್ಕೆ ಒಳಗಿನಿಂದ "ಏನ್ರೀ ಅದು" ಅಂತ ಕೂಗು ಬಂತು.

ಈ ಆಟದಲ್ಲಿ ಹೊಡೆದಾಟ ಅಂತ ಬೇರೆ ವ್ಯವಸ್ಥೆಯೇ ಇಲ್ಲ. ಇರೋದು ಮಾತು. ನಿಮ್ಮ 24 ಗುಣಗಳು ನಿಮ್ಮ ತಲೆಯೊಳಗೆ ಕೂತು ಒಂದೊಂದೂ ತನ್ನದೇ ದನಿಯಲ್ಲಿ ಮಾತಾಡ್ತವೆ. ತರ್ಕ ಒಂದು ಹೇಳಿದರೆ ಅಧಿಕಾರ ಇನ್ನೊಂದು ಹೇಳುತ್ತೆ, ಚಟ ನಡುವೆ ಬಾಯಿ ಹಾಕುತ್ತೆ, ಮತ್ತೆ ಯಾವುದೂ ಪೂರ್ತಿ ನಂಬೋ ಹಾಗಿಲ್ಲ. ನಾನು ಕರಾವಳಿಯವನು, ಚಿಕ್ಕಂದಿನಲ್ಲಿ ಅಜ್ಜನ ಜೊತೆ ತಾಳಮದ್ದಳೆಗೆ ಹೋಗಿ ಚಾಪೆ ಮೇಲೆ ನಿದ್ದೆ ಮಾಡಿದವನು. ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಎದುರುಬದುರು ಕೂತು ರಾತ್ರಿಯಿಡೀ ವಾದ ಮಾಡ್ತಾರೆ, ಕೇಳುವವರು ಎದ್ದು ಹೋಗಲ್ಲ. ಗ್ರಾಫಿಕ್ಸ್ ಎಲ್ಲಿ ಅಂತ ಅಲ್ಲಿ ಯಾರೂ ಕೇಳಲ್ಲವಲ್ಲ! ಡಿಸ್ಕೋ ಎಲಿಸಿಯಂ ನನಗೆ ಒಬ್ಬನ ತಲೆಯೊಳಗೆ ನಡೆಯೋ ತಾಳಮದ್ದಳೆ. 24 ಅರ್ಥಧಾರಿಗಳು, ಭಾಗವತರು ಮಾತ್ರ ಕುಡಿದಿದ್ದಾರೆ.

ಇನ್ನೂ ಮುಖ್ಯವಾದದ್ದು ಸೋಲಿನ ವಿಷಯ. ಹೋಟೆಲ್ ಮಾಲೀಕನಂತಿರುವ ಒಬ್ಬ ನಿಮ್ಮ ಬಾಕಿ ಕೇಳ್ತಾನೆ. ಕೊಡೋಕೆ ದುಡ್ಡಿಲ್ಲ. ಓಡಿಹೋಗೋಣ ಅಂತ ದಾಳ ಹಾಕಿದರೆ, ಸೋತಾಗ ನಿಮ್ಮ ಪತ್ತೇದಾರ ಅವನಿಗೆ ಬೆರಳು ತೋರಿಸುತ್ತಾ ಹಿಂದಕ್ಕೆ ಹಾರಿ, ಗಾಲಿಕುರ್ಚಿಯಲ್ಲಿ ಕೂತ ವಯಸ್ಸಾದ ಹೆಂಗಸಿನ ಮೇಲೆ ಹೋಗಿ ಬೀಳ್ತಾನೆ. ಬೇರೆ ಆಟದಲ್ಲಿ ಆಗಿದ್ದರೆ ನಾನು ಸೇವ್ (ಮೊದಲೇ ಉಳಿಸಿಟ್ಟ ಹಂತ) ತೆಗೆದು ಮತ್ತೆ ಪ್ರಯತ್ನ ಮಾಡ್ತಿದ್ದೆ. ಇಲ್ಲಿ ಬೇಡ ಅನ್ನಿಸಿತು. ಸೋತ ದಾರಿಯ ಕತೆಯನ್ನೂ ಯಾರೋ ಕೂತು ಅಷ್ಟೇ ಮುತುವರ್ಜಿಯಿಂದ ಬರೆದಿದ್ದಾರೆ. ಜೊತೆಗೆ ಬರುವ ಕಿಮ್ ಅನ್ನೋ ಅಧಿಕಾರಿ ಬೈಯಲ್ಲ, ಸುಮ್ನೆ ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಳ್ತಾನೆ. ದಿನಕ್ಕೆ ಒಂದೇ ಸಿಗರೇಟು ಅಂತ ನೇಮ ಇಟ್ಟುಕೊಂಡ ಮನುಷ್ಯ. ಅವನ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕು ಅಂತ ನಾನು ಆಟದೊಳಗೆ ಕುಡಿಯೋದು ಬಿಟ್ಟೆ. ಪಾಯಿಂಟು ಸಿಗುತ್ತೆ ಅಂತ ಅಲ್ಲ.

ನನ್ನ ಲೆಕ್ಕದಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಇದೇ. ಹದಿನೆಂಟರಲ್ಲಿ ನಮಗೆ ಗೆಲ್ಲುವ ಆಟ ಬೇಕಿತ್ತು. ನಲವತ್ತರ ಹತ್ತಿರ ಬಂದಾಗ, ಕೆಟ್ಟುಹೋದದ್ದನ್ನು ಇಟ್ಟುಕೊಂಡೇ ಮುಂದೆ ಹೋಗೋದು ಹೇಗೆ ಅಂತ ತೋರಿಸುವ ಆಟ ಹಿಡಿಸುತ್ತೆ. ನೂರಾರು ಕೋಟಿ ಹಾಕಿದ ಕಂಪನಿಗೆ ಆ ಧೈರ್ಯ ಬರೋದು ಕಷ್ಟ, ಆಟಗಾರ ಬೇಜಾರಾಗಿ ಬಿಟ್ಟುಹೋದರೆ ಅಂತ ಅವರಿಗೆ ಭಯ. ಒಬ್ಬಿಬ್ಬರೇ ಕೂತು ಮಾಡುವವರಿಗೆ ಅದನ್ನು ತೆಗಿ, ಇದನ್ನು ತೆಗಿ ಅನ್ನೋಕೆ ಮೇಲೆ ಯಾರೂ ಇಲ್ಲ.

ಸಿಟಿಜನ್ ಸ್ಲೀಪರ್ ನೋಡಿ, 2022ರದ್ದು. ನಿಮ್ಮ ದೇಹವೇ ಒಂದು ಕಂಪನಿಯ ಆಸ್ತಿ, ತಪ್ಪಿಸಿಕೊಂಡು ಹಳೇ ಬಾಹ್ಯಾಕಾಶ ನಿಲ್ದಾಣಕ್ಕೆ ಬಂದಿದ್ದೀರಿ. ಪ್ರತಿ ಬೆಳಿಗ್ಗೆ ದಾಳ ಸಿಗ್ತವೆ. ಮೈ ಚೆನ್ನಾಗಿದ್ದರೆ ಐದು, ಹದಗೆಟ್ಟಂತೆ ನಾಲ್ಕು, ಮೂರು, ಎರಡು. ಒಂದೊಂದು ಕೆಲಸಕ್ಕೆ ಒಂದೊಂದು ದಾಳ ಖರ್ಚು. ಔಷಧಿಗೆ ದುಡ್ಡು ಬೇಕು, ದುಡ್ಡಿಗೆ ಕೆಲಸ ಬೇಕು, ಕೆಲಸಕ್ಕೆ ಮೈ ನೆಟ್ಟಗಿರಬೇಕು. ಅಲ್ಲೊಬ್ಬ ಹಡಗುಕಟ್ಟೆಯ ಕೂಲಿ ಇದ್ದಾನೆ, ಲೆಮ್ ಅಂತ, ಅವನಿಗೊಂದು ಪುಟ್ಟ ಮಗಳು. ಒಂದು ದಿನ ನನ್ನ ಹತ್ತಿರ ಎರಡೇ ದಾಳ ಇತ್ತು, ಒಂದು 6, ಒಂದು 2. ಆ 6ನ್ನು ಕೂಲಿಗೆ ಹಾಕಿದ್ದರೆ ಔಷಧಿಯ ದುಡ್ಡು ಬರ್ತಿತ್ತು, ನಾನು ಅವನ ಮಗುವನ್ನು ನೋಡಿಕೊಳ್ಳೋಕೆ ಹಾಕಿದೆ. ತಿಂಗಳ 5ನೇ ತಾರೀಕು ಇಎಂಐ ಕಟ್ ಆಗುವ ಎಲ್ಲರಿಗೂ ಆ ಎರಡು ದಾಳದ ಬೆಳಗ್ಗೆ ಗೊತ್ತು.

ಅಂಡರ್‌ಟೇಲ್ 2015ರದ್ದು, ಹೆಚ್ಚುಕಮ್ಮಿ ಟೋಬಿ ಫಾಕ್ಸ್ ಒಬ್ಬರದೇ ಕೈಕೆಲಸ, ಸಂಗೀತ ಸೇರಿ. ಮೊದಲಿಗೆ ನಿಮ್ಮನ್ನು ತಾಯಿ ಥರ ನೋಡಿಕೊಂಡ ಪಾತ್ರವನ್ನು ತಪ್ಪಿ ಕೊಂದು, ಅಯ್ಯೋ ಅಂತ ಹಳೇ ಸೇವ್ ತೆಗೆದು ಉಳಿಸಿಕೊಂಡಿರಿ ಅಂದುಕೊಳ್ಳಿ. ಆಟ ಅದನ್ನು ನೆನಪಿಟ್ಟುಕೊಂಡಿರುತ್ತೆ. ನೀನು ಏನು ಮಾಡಿದ್ದೀಯ ನನಗೆ ಗೊತ್ತು ಅಂತ ಮುಖಕ್ಕೇ ಹೇಳುತ್ತೆ. ನೋಡೋಕೆ ಮಕ್ಕಳಾಟ, ಚಳಿ ಹತ್ತಿದ್ದು ನನಗೆ.

ಡಾರ್ಕೆಸ್ಟ್ ಡಂಜನ್‌ನಲ್ಲಿ ಸತ್ತವರು ವಾಪಸ್ ಬರಲ್ಲ, ಹಳೇ ಸೇವ್ ಕೂಡ ಇಲ್ಲ, ಮೇಲಿಂದ ಒತ್ತಡಕ್ಕೆ ಬೇರೆ ಮೀಟರ್. ಅದು 100 ಮುಟ್ಟಿದರೆ ವೀರರಿಗೂ ತಲೆ ಕೆಡುತ್ತೆ, ಅಪರೂಪಕ್ಕೆ ಒಬ್ಬ ಅಲ್ಲೇ ಸೆಟೆದು ನಿಲ್ತಾನೆ. ಫಿಯರ್ ಅಂಡ್ ಹಂಗರ್ ಬಗ್ಗೆ ಮಾತ್ರ ಎಚ್ಚರಿಕೆ. ಫಿನ್ಲೆಂಡಿನ ಒಬ್ಬರು ಆರ್‌ಪಿಜಿ ಮೇಕರ್‌ನಲ್ಲಿ ಮಾಡಿದ್ದು, 2018. ಕೈಕಾಲು ಕಳೆದುಕೊಂಡರೆ ಹೋಯಿತು, ಹಾಸಿಗೆಯಲ್ಲಿ ಮಲಗಿ ಸೇವ್ ಮಾಡೋಕೂ ನಾಣ್ಯ ಚಿಮ್ಮಬೇಕು. ಲೈಂಗಿಕ ಹಿಂಸೆ ಇದೆ, ಬಹಳ ಕ್ರೂರ. ಅಭಿಮಾನಿಗಳು ಜೋರಿದ್ದಾರೆ, ನಾನು ಎರಡು ರಾತ್ರಿ ಆಡಿ ಬಿಟ್ಟೆ. ಎಲ್ಲರಿಗೂ ಎಲ್ಲವೂ ಆಗಬೇಕಿಲ್ಲ.

ಇನ್ನು ಶುರು ಮಾಡೋದು ಹೇಗೆ. ಹೊಸ ಕಂಪ್ಯೂಟರ್ ಬೇಡ. ಅಂಡರ್‌ಟೇಲ್ 200 ಎಂಬಿ ಆಸುಪಾಸು, ಆಫೀಸಿನಿಂದ ಬಿಡುಗಡೆಯಾದ ಹಳೇ ಲ್ಯಾಪ್‌ಟಾಪ್ ಸಾಕು. ಡಿಸ್ಕೋಗೆ ಸ್ವಲ್ಪ ಹೊಸದಿರಬೇಕು. ಸ್ಟೀಮ್‌ನಲ್ಲಿ ರೂಪಾಯಿಯಲ್ಲೇ ಬೆಲೆ ಇದೆ, ಯುಪಿಐ ನಡೆಯುತ್ತೆ. ಪೂರ್ತಿ ಬೆಲೆಗೆ ತಗೋಬೇಡಿ, ವಿಶ್‌ಲಿಸ್ಟಿಗೆ ಹಾಕಿ ಸೇಲ್‌ಗೆ ಕಾಯಿರಿ. ತಗೊಂಡು 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆದರೆ ಓದುವ ಆಟಕ್ಕೆ ಎರಡು ಗಂಟೆ ಏನೇನೂ ಅಲ್ಲ, ಆದ್ದರಿಂದ ಮೊದಲು ಯೂಟ್ಯೂಬಿನಲ್ಲಿ ಅರ್ಧ ಗಂಟೆ ನೋಡಿಕೊಳ್ಳಿ. ಡಿಸ್ಕೋದ ಇಂಗ್ಲಿಷ್ ಸುಲಭ ಅಲ್ಲ, ನನಗೂ ಡಿಕ್ಷನರಿ ಬೇಕಾಯಿತು. 2021ರ ಫೈನಲ್ ಕಟ್ ಅನ್ನೋ ಆವೃತ್ತಿಯಲ್ಲಿ ಮಾತಿಗೆಲ್ಲ ಪೂರ್ತಿ ದನಿ ಇದೆ, ಕೇಳ್ತಾ ಓದಿದರೆ ಹಿಡಿತ ಸಿಗುತ್ತೆ.

ಮನೆಯಲ್ಲಿ ಮಕ್ಕಳಿದ್ದರೆ ಸ್ಟೀಮ್ ಪ್ರಿಫರೆನ್ಸಸ್‌ಗೆ ಹೋಗಿ 18+ ಆಟಗಳು ಕಾಣದ ಹಾಗೆ ಫಿಲ್ಟರ್ ಹಾಕಿ, ಅವರಿಗೆ ಬೇರೆ ಅಕೌಂಟ್ ಮಾಡಿಕೊಡಿ. ಲೈಬ್ರರಿಯಲ್ಲಿ ಒಂದೊಂದು ಆಟವನ್ನೇ ಪ್ರೈವೇಟ್ ಅಂತ ಗುರುತು ಮಾಡಬಹುದು, ಆಗ ನೀವು ಏನು ಆಡ್ತಿದ್ದೀರಿ ಅಂತ ಆಫೀಸಿನ ಫ್ರೆಂಡ್ಸ್ ಲಿಸ್ಟಿಗೆ ಕಾಣಲ್ಲ. ಇದನ್ನು ಯಾಕೆ ಹೇಳ್ತಿದ್ದೀನಿ ಅಂತ ಕೇಳಬೇಡಿ.

ಮತ್ತೆ, ಯಾರೋ ಹಂಚಿದ ಕ್ರ್ಯಾಕ್ ಫೈಲು (ದುಡ್ಡು ಕೊಡದೆ ಆಡೋಕೆ ಬೀಗ ಮುರಿದ ಪ್ರತಿ), ಫೋನಿನ ಎಪಿಕೆ ಫೈಲು ಮಾತ್ರ ಹಾಕಿಕೊಳ್ಳಬೇಡಿ. 18+ ಆಟಕ್ಕೆ ದುಡ್ಡು ಕೊಡೋಕೆ ನಾಚಿಕೆ ಅಂತ ನಾನೂ ಹಾಕಿದ್ದೆ. ಮಾರನೇ ದಿನ ನನ್ನ ಮೇಲ್‌ನಿಂದ ಎಲ್ಲರಿಗೂ ಏನೇನೋ ಲಿಂಕು ಹೋಗಿತ್ತು, ನಮ್ಮ ಭಾವನಿಗೂ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿದ ಹುಡುಗ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿ, "ಬ್ಯಾಕಪ್ ಬೇಕಾ ಸಾರ್?" ಅಂತ ಕೇಳಿದ ದನಿ ಇವತ್ತಿಗೂ ಕಿವಿಯಲ್ಲಿದೆ.

ನಿಮಗೆ ರಾತ್ರಿ ಮುಕ್ಕಾಲು ಗಂಟೆ ಸಿಗುತ್ತೆ ಅಂತ ಬರೆದಿದ್ದಿರಿ. ಹಾಗಾದರೆ ಸಿಟಿಜನ್ ಸ್ಲೀಪರ್‌ನಿಂದ ಶುರು ಮಾಡಿ, ಆಟದೊಳಗಿನ ನಾಲ್ಕಾರು ಬೆಳಗ್ಗೆ ಆಡಿ ಮಲಗಬಹುದು. ಆಮೇಲೆ ಡಿಸ್ಕೋ. ದೇಹಕ್ಕೆ ಕನಿಷ್ಠ 2 ಪಾಯಿಂಟಾದರೂ ಇಡಿ, ಟೈ ಆಸೆ ಮೊದಲು ಬಿಡಿ.