ಮಾಸ್ಕ್ ಒಂದಿದ್ದರೆ ಸಾಕು, ಶಿಫ್ಟ್ ಬೇಡ

ಪ್ರಶ್ನೆ: ಮೇಡಂ, ನೆಟ್‌ವರ್ಕ್ ಕಾರ್ಡೊಂದರ ಲಿನಕ್ಸ್ ಡ್ರೈವರ್ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಪ್ರತಿ ರಿಜಿಸ್ಟರ್ ಫೀಲ್ಡಿಗೂ (ರಿಜಿಸ್ಟರಿನೊಳಗಿನ ಬಿಟ್‌ಗಳ ಗುಂಪಿಗೂ) ಆ ಬಿಟ್‌ಗಳನ್ನು ಆರಿಸುವ ಒಂದು ಮಾಸ್ಕ್, ಎಷ್ಟು ಸ್ಥಾನ ಸರಿಸಬೇಕೆಂದು ಹೇಳುವ ಒಂದು ಶಿಫ್ಟ್ ಅಂತ ಹೆಡರ್ ಫೈಲಿನ ತುಂಬ ಡಿಫೈನ್‌ಗಳಿವೆ. ಇದನ್ನು ಸರಳ ಮಾಡುವುದು ಹೇಗೆ? ಸಿ ಭಾಷೆಯ ಬಿಟ್‌ಫೀಲ್ಡ್ ಸ್ಟ್ರಕ್ಟ್ ಬಳಸಿದರೆ ಆಗದೇ?

ಉತ್ತರ: ಸ್ಟ್ರಕ್ಟ್ ಕಡೆ ಹೋಗಬೇಡಿ. ಬಿಟ್‌ಗಳನ್ನು ಯಾವ ತುದಿಯಿಂದ ಜೋಡಿಸಬೇಕು ಎಂಬುದನ್ನು ಸಿ ಭಾಷೆ ಕಂಪೈಲರ್‌ಗೇ ಬಿಟ್ಟಿದೆ. ಕಿರಿಯ ಬೈಟನ್ನು ಮೊದಲಿಡುವ ಲಿಟಲ್ ಎಂಡಿಯನ್ ಯಂತ್ರದಲ್ಲಿ ಸರಿಯಾಗಿ ಓಡಿದ ಕೋಡ್ ಹಿರಿಯ ಬೈಟನ್ನು ಮೊದಲಿಡುವ ಬಿಗ್ ಎಂಡಿಯನ್‌ನಲ್ಲಿ ತಿರುಗುಮುರುಗಾಗಬಹುದು.

ನಿಮ್ಮ ಈಗಿನ ಪದ್ಧತಿಯಲ್ಲಿ ಫೀಲ್ಡ್ ಎಲ್ಲಿದೆ ಅನ್ನುವ ಒಂದೇ ಮಾತನ್ನು ಎರಡು ಕಡೆ ಬರೆದಿದೆ. ಅದರ ಪೆಟ್ಟು ನಾನು ತಿಂದಿದ್ದೇನೆ. ಕೇಬಲ್ ಕಡೆಯ ಸಂಕೇತ ನೋಡಿಕೊಳ್ಳುವ ಚಿಪ್‌ಗೆ ಫೈ (PHY) ಎನ್ನುತ್ತಾರೆ, ಅದರ ಜೊತೆ ಮಾತಾಡುವ ತಂತಿ ಎಂಡಿಐಒ (MDIO). ಹಳೆಯ ಚಿಪ್‌ನ ಎಂಡಿಐಒ ರಿಜಿಸ್ಟರಿನಲ್ಲಿ ಫೈ ವಿಳಾಸ 20ರಿಂದ 16ನೇ ಬಿಟ್‌ವರೆಗೆ ಇತ್ತು. ಹೊಸ ಚಿಪ್‌ನಲ್ಲಿ ಅದು 25ರಿಂದ 21ಕ್ಕೆ ಸರಿಯಿತು. ಯಾರೋ ಮಾಸ್ಕ್ ತಿದ್ದಿದ್ದರು, ಶಿಫ್ಟ್ ಮಾತ್ರ 16 ಎಂದೇ ಉಳಿದಿತ್ತು. ಐದು ಬಿಟ್‌ನ ವಿಳಾಸವನ್ನು 16 ಸ್ಥಾನ ಸರಿಸಿ, 21ರಿಂದ ಶುರುವಾಗುವ ಮಾಸ್ಕ್‌ನಲ್ಲಿ ಸೋಸಿದರೆ ಉಳಿಯುವುದು ಸೊನ್ನೆ. ಹಾಗಾಗಿ ಫೈ ವಿಳಾಸ 0 ಇದ್ದ ಬೋರ್ಡ್ ಚೆನ್ನಾಗಿಯೇ ಓಡಿತು! ವಿಳಾಸ 3 ಇದ್ದ ಬೋರ್ಡಿನಲ್ಲಿ ಫೈನ ಯಾವ ರಿಜಿಸ್ಟರ್ ಓದಿದರೂ 65535. ಉತ್ತರ ಕೊಡುವವರೇ ಇಲ್ಲದಾಗ ಪುಲ್‌ಅಪ್ ರೆಸಿಸ್ಟರ್ ಎಂಡಿಐಒ ತಂತಿಯನ್ನು ಮೇಲೆ ಹಿಡಿದಿಡುತ್ತದೆ, 16 ಬಿಟ್‌ಗಳೂ 1 ಆಗಿಯೇ ಬರುತ್ತವೆ. ಬೆಸುಗೆ, ಕ್ಲಾಕ್, ರಿಸೆಟ್ ಎಲ್ಲವನ್ನೂ ಅನುಮಾನಿಸಿ ಎರಡು ದಿನ ಕಳೆದೆ.

2016ರ ಕೊನೆಗೆ ಬಂದ 4.9ನೇ ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನಲ್ಲೇ ಬಿಟ್‌ಫೀಲ್ಡ್ (bitfield.h) ಎಂಬ ಹೆಡರ್ ಇದೆ. ಡೇಟಾಶೀಟಿನಲ್ಲಿ 25:21 ಎಂದಿದ್ದರೆ ಮಾಸ್ಕ್ ಕಟ್ಟಿಕೊಡುವ ಜೆನ್‌ಮಾಸ್ಕ್ (GENMASK) ಮ್ಯಾಕ್ರೊಗೆ 25, 21 ಎಂದೇ ಕೊಡಿ. ವ್ಯಾಲ್ಯೂ ಕೂರಿಸಲು ಫೀಲ್ಡ್ ಪ್ರೆಪ್ (FIELD_PREP), ತೆಗೆಯಲು ಫೀಲ್ಡ್ ಗೆಟ್ (FIELD_GET). ಶಿಫ್ಟ್ ಎಷ್ಟು ಎಂಬುದನ್ನು ಮಾಸ್ಕ್ ನೋಡಿ ಕಂಪೈಲರ್ ತಾನೇ ಲೆಕ್ಕ ಹಾಕುತ್ತದೆ. ಮಾಸ್ಕ್ ನಡುವೆ ತೂತಿದ್ದರೆ, ಅಥವಾ ಐದು ಬಿಟ್‌ನ ಫೀಲ್ಡಿಗೆ 40 ಎಂಬ ಸ್ಥಿರಾಂಕ ಕೊಟ್ಟರೆ, ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಇದೇ ನನಗೆ ಬಲು ಇಷ್ಟದ ಗುಣ.

ಆದರೆ ಆ 40 ಓಡುವ ಹೊತ್ತಿನಲ್ಲಿ ವೇರಿಯಬಲ್ ಮೂಲಕ ಬಂದರೆ, ಮೇಲಿನ ಬಿಟ್ ಸದ್ದಿಲ್ಲದೆ ಕತ್ತರಿಸಿ ಹೋಗಿ 8 ಉಳಿಯುತ್ತದೆ. ಆ ತಪಾಸಣೆ ನೀವೇ ಬರೆಯಬೇಕು. ಫೀಲ್ಡ್ ಪ್ರೆಪ್ ಹಳೆಯ ಬಿಟ್‌ಗಳನ್ನು ಅಳಿಸುವುದಿಲ್ಲ ಎಂಬುದನ್ನೂ ಮರೆಯಬೇಡಿ. ಮೊದಲು ಮಾಸ್ಕ್‌ನಿಂದ ಆ ಜಾಗ ಖಾಲಿ ಮಾಡಿ, ಆಮೇಲೆ ಕೂರಿಸಿ. 1 ಬರೆದರೆ ಅಳಿಯುವ ಬಿಟ್‌ಗಳಿರುವ ಇಂಟರಪ್ಟ್ ಸ್ಟೇಟಸ್ ರಿಜಿಸ್ಟರಿನಲ್ಲಿ ಮಾತ್ರ ಈ ಓದಿ-ತಿದ್ದಿ-ಬರೆಯುವ ಕ್ರಮ ಬೇಡವೇ ಬೇಡ, ನೀವು ಇನ್ನೂ ನೋಡದ ಇಂಟರಪ್ಟ್‌ಗಳೂ ಅಳಿಸಿಹೋಗುತ್ತವೆ.

ಬದಲಾವಣೆಯನ್ನು ಒಂದೊಂದೇ ರಿಜಿಸ್ಟರ್ ಗುಂಪಿಗೆ ಮಾಡಿ, ಅದೇ ಪ್ಯಾಚ್‌ನಲ್ಲಿ ಬೇರೆ ಏನನ್ನೂ ತಿದ್ದಬೇಡಿ. ಹಳೆಯ, ಹೊಸ ಆಬ್ಜೆಕ್ಟ್ ಫೈಲುಗಳನ್ನು ಡಿಸ್‌ಅಸೆಂಬಲ್ ಮಾಡಿ ಪಕ್ಕಪಕ್ಕ ಇಡಿ. ಮಾಸ್ಕ್‌ಗಳು ಸ್ಥಿರಾಂಕಗಳಾದ್ದರಿಂದ ಎರಡೂ ಬಹುತೇಕ ಒಂದೇ ಇರಬೇಕು. ಎಲ್ಲಾದರೂ ಶಿಫ್ಟಿನ ಸಂಖ್ಯೆಯೇ ಬೇರೆಯಾಗಿ ಕಂಡರೆ ಗಾಬರಿಬಿದ್ದು ಪ್ಯಾಚ್ ಹಿಂದಕ್ಕೆ ತೆಗೆಯಬೇಡಿ, ಮೊದಲು ಡೇಟಾಶೀಟ್ ತೆರೆಯಿರಿ. ತಪ್ಪು ಹಳೆಯ ಕೋಡಿನಲ್ಲೇ ಇದ್ದಿರಬಹುದು.