ಜುಟ್ಟು ಕತ್ತರಿಸಿಕೊಂಡ ಚಕ್ರವರ್ತಿ

ಪ್ರಶ್ನೆ: ನನ್ನ ಮಗ ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದಾನೆ. ಅವನ ನೋಟ್ಸಿನಲ್ಲಿ ‘ಆಧುನಿಕ ಜಪಾನ್ ಕಟ್ಟಿದವನು ಮೇಜಿ ಚಕ್ರವರ್ತಿ’ ಅಂತ ಇದೆ. ಹದಿನಾಲ್ಕು ವರ್ಷಕ್ಕೆ ಪಟ್ಟವೇರಿದ ಹುಡುಗ ಇಷ್ಟೆಲ್ಲ ಮಾಡಿದನೇ, ಇಲ್ಲ ಬರೀ ಹೆಸರು ಅವನದ್ದೋ?
– ಓದುಗರೊಬ್ಬರು, ವಾಡಿ

ಉತ್ತರ: ನಿಮ್ಮ ಅನುಮಾನ ಸರಿ ಇದೆ ರೀ. ಹೆಸರೂ ಅವನದ್ದಲ್ಲ! ಮೇಜಿ ಅನ್ನೋದು ಅವನ ಆಳ್ವಿಕೆಯ ಕಾಲದ ಹೆಸರು, ಸತ್ತ ಮೇಲೆ ಅವನಿಗೆ ಅಂಟಿಕೊಂಡಿತು. ಸ್ವಂತ ಹೆಸರು ಮುತ್ಸುಹಿತೊ. 1852ರಲ್ಲಿ ಕ್ಯೋಟೊದಲ್ಲಿ ಹುಟ್ಟಿ, 1867ರಲ್ಲಿ ಗದ್ದುಗೆ ಏರಿ, 1912ರಲ್ಲಿ ತೀರಿಕೊಂಡ.

ಅಲ್ಲಿಯವರೆಗೆ ಎರಡೂವರೆ ಶತಮಾನ ಅಧಿಕಾರ ತೊಕುಗವಾ ಮನೆತನದ ಸೇನಾಧಿಪತಿಗಳಾದ ಶೋಗನ್‌ಗಳ ಕೈಯಲ್ಲಿತ್ತು, ಚಕ್ರವರ್ತಿ ಗರ್ಭಗುಡಿಯ ದೇವರ ಹಾಗೆ ಒಳಗೇ ಇರುತ್ತಿದ್ದ. ಶೋಗನ್‌ನನ್ನು ಇಳಿಸಿದ ಒಕುಬೊ, ಕಿಡೊ, ಸೈಗೊ ಎಂಬ ಸಮುರಾಯಿ ಮುಖಂಡರಿಗೆ ಜನ ತಲೆಬಾಗುವ ಒಂದು ಮುಖ ಬೇಕಿತ್ತು. 1871ರಲ್ಲಿ ಸಾಮಂತರ ಜಹಗೀರು ರದ್ದು ಮಾಡಿದ್ದು ಇಂಥ ಮುಖಂಡರೇ, 1889ರ ಸಂವಿಧಾನದ ಹಿಂದಿದ್ದದ್ದು ಇತೊ ಹಿರೊಬುಮಿ. 1872ರಲ್ಲಿ ಶಿಂಬಾಶಿಯಿಂದ ಯೋಕೊಹಾಮಾಕ್ಕೆ ಮೊದಲ ರೈಲು ಶುರುವಾದಾಗ ಚಕ್ರವರ್ತಿ ಹೋಗಿ ಹತ್ತಿ ಕೂತ. ನಿಮ್ಮ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ, ಅಂದರೆ ಎರಡೇ ವರ್ಷ ಹಿಂದೆಮುಂದೆ. ಆಗ ನಮ್ಮ ಕಡೆಯೂ ಗದ್ದುಗೆ ಮೇಲೆ ಕೂಸೇ ಇತ್ತು: ಮಹಬೂಬ್ ಅಲಿ ಖಾನ್. ನಡೆಸುತ್ತಿದ್ದವರು ದಿವಾನ ಸಾಲಾರ್ ಜಂಗ್. (ಕಲಬುರಗಿಯ ಬಟ್ಟೆ ಗಿರಣಿ ಎಂಎಸ್‌ಕೆ ಮಿಲ್‌ನ ‘ಎಂ’ ಆ ಮಹಬೂಬರದ್ದೇ.)

ಹಾಗಂತ ಮುತ್ಸುಹಿತೊ ಸುಮ್ನೆ ಗೊಂಬೆ ಅಂತ ನನಗನ್ನಿಸಲ್ಲ. 1873ರಲ್ಲಿ ಜುಟ್ಟು ಕತ್ತರಿಸಿಕೊಂಡ. ಆಮೇಲೆ ಊರೂರಲ್ಲಿ ಗಂಡಸರು ಜುಟ್ಟು ತೆಗೆಸಿದರು. ಬರೀ ಹುಕುಂನಿಂದ ಅಷ್ಟು ಬೇಗ ಆಗುತ್ತಿತ್ತಾ? ಫೋಟೊ ಅಂದರೆ ಅವನಿಗೆ ಆಗುತ್ತಿರಲಿಲ್ಲ, ಅದಕ್ಕೇ 1888ರಲ್ಲಿ ಇಟಲಿಯ ಕಿಯೊಸ್ಸೊನೆ ಅವನ ಚಿತ್ರ ಬರೆದ, ಆ ಚಿತ್ರದ ಫೋಟೊ ತೆಗೆದು ಶಾಲೆಗಳಿಗೆ ಕಳಿಸಿದರು, ಮಕ್ಕಳು ಅದಕ್ಕೆ ಬಾಗಿ ನಮಸ್ಕಾರ ಮಾಡಬೇಕಿತ್ತು. ಕೀರ್ತಿ ಬೆಳೆದದ್ದು ಹೀಗೆ. 1905ರಲ್ಲಿ ರಷ್ಯಾವನ್ನು ಸೋಲಿಸಿದ ಮೇಲಂತೂ ಕೇಳೋದೇ ಬೇಡ. ಆದರೆ 1910ರಲ್ಲಿ ಕೊರಿಯಾವನ್ನು ನುಂಗಿದ್ದೂ ಇವನ ಹೆಸರಿನಲ್ಲೇ. ನಿಮ್ಮ ಮಗನ ನೋಟ್ಸಿನಲ್ಲಿ ಅದೂ ಇರಲಿ.

ಇವನು ಪದ್ಯ ಬರೆಯುತ್ತಿದ್ದ, ಒಂದು ಲಕ್ಷದ ಹತ್ತಿರ! ಕಡಲಾಚೆಯವರೆಲ್ಲ ಅಣ್ಣತಮ್ಮಂದಿರು ಅಂದುಕೊಂಡಿದ್ದರೆ ಈ ಅಲೆ, ಗಾಳಿ ಯಾಕೆ ಏಳುತ್ತವೆ ಅನ್ನೋ ಅರ್ಥದ ಒಂದು ಪದ್ಯವನ್ನು ರಷ್ಯಾ ಯುದ್ಧದ ಕಾಲಕ್ಕೆ ಬರೆದಿದ್ದ. 1941ರ ಸೆಪ್ಟೆಂಬರಿನಲ್ಲಿ ಅಮೆರಿಕದ ಜೊತೆ ಯುದ್ಧದ ಮಾತು ಬಂದಾಗ ಮೊಮ್ಮಗ ಹಿರೊಹಿತೊ ಅದನ್ನೇ ಮಂತ್ರಿಗಳಿಗೆ ಓದಿ ಹೇಳಿದ. ಅವರು ಕೇಳಿಸಿಕೊಂಡರು. ಮೂರು ತಿಂಗಳಿಗೆ ಪರ್ಲ್ ಹಾರ್ಬರ್ ದಾಳಿ ಆಯಿತು.