ನೀವು ಕೇಳಿದ್ದು ಇದು: ಹಾರ್ಡನಿಂಗ್ ಮಾಡಿದ, ಅಂದರೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡುಸು ಮಾಡಿದ, ಮೂರು ಡೈ ಪ್ಲೇಟ್ (ಅಚ್ಚಿನ ಉಕ್ಕಿನ ಹಲಗೆ) ಪೈಕಿ ಒಂದು ಬೆಳಿಗ್ಗೆ ನೋಡಿದರೆ ಬಿರುಕು ಬಿಟ್ಟಿದೆ. ಎಣ್ಣೆ ಬದಲಾಯಿಸಲಾ, ಉಕ್ಕನ್ನೇ ಬದಲಾಯಿಸಿ ಡಿ2 ಅನ್ನುವ ಇನ್ನೊಂದು ಟೂಲ್ ಸ್ಟೀಲ್‌ಗೆ ಹೋಗಲಾ?

ಎರಡೂ ಬೇಡ. ಎಣ್ಣೆಯಿಂದ ತೆಗೆದ ಪ್ಲೇಟನ್ನು ಟೆಂಪರಿಂಗ್ ಓವನ್ನಿಗೆ (ಗಡುಸಾದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸುವ ಓವನ್ನಿಗೆ) ಎಷ್ಟು ಹೊತ್ತಿನ ಮೇಲೆ ಹಾಕುತ್ತೀರಿ, ಅದನ್ನು ಮೊದಲು ಹೇಳಿ.

ಉಕ್ಕು ಓಎಚ್‌ಎನ್‌ಎಸ್ ಅಂತ ಬರೆದಿದ್ದೀರಿ, ಅಂದರೆ ಎಣ್ಣೆಯಲ್ಲಿ ಅದ್ದಿ ಗಡುಸು ಮಾಡುವ ಟೂಲ್ ಸ್ಟೀಲ್. ಫರ್ನೇಸ್ 800 ಡಿಗ್ರಿ, ಪ್ಲೇಟಿನ ದಪ್ಪ 40 ಮಿಲಿಮೀಟರ್, ಎಣ್ಣೆ ಎಷ್ಟು ಹಳೆಯದು, ಎಲ್ಲ ಇದೆ. ಟೆಂಪರಿಂಗ್ ಬಗ್ಗೆ ಮಾತ್ರ ಕೊನೆಯಲ್ಲಿ ಒಂದು ಸಾಲು: "ಮರುದಿನ ಬೆಳಿಗ್ಗೆ ಟೆಂಪರ್‌ಗೆ ಹಾಕಲು ಹೋದಾಗ ಬಿರುಕು ಕಾಣಿಸಿತು." ನಿಮ್ಮ ಉತ್ತರ ಆ ಸಾಲಿನಲ್ಲೇ ಇದೆ. ನನಗೆ ಹೇಗೆ ಗೊತ್ತು ಅಂದರೆ, ಅದೇ ಸಾಲಿಗೆ ನಾನು 2011ರಲ್ಲಿ ಮೂರು ತಿಂಗಳ ಸಂಬಳ ಕಳೆದುಕೊಂಡಿದ್ದೇನೆ.

ಆಗ ಪೀಣ್ಯದ ಒಂದು ಸಣ್ಣ ಹೀಟ್ ಟ್ರೀಟ್‌ಮೆಂಟ್ ಶೆಡ್‌ನಲ್ಲಿ ಕೆಲಸ. ಪೂರ್ತಿ ಜಾಬ್‌ವರ್ಕ್. ಒಂದು ಮಫಲ್ ಫರ್ನೇಸ್, ಒಂದು ಎಣ್ಣೆ ಟ್ಯಾಂಕ್, ಒಂದು ಸೆಕೆಂಡ್ ಹ್ಯಾಂಡ್ ಟೆಂಪರಿಂಗ್ ಓವನ್, ಗಡಸುತನ ಅಳೆಯುವ ಒಂದು ರಾಕ್‌ವೆಲ್ ಮಶೀನು. ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಗಿತ್ತು. ಜನವರಿಯ ಒಂದು ಶನಿವಾರ ನಾಲ್ಕು ಡೈ ಪ್ಲೇಟ್ ಬಂದವು. ಮಶೀನಿಂಗ್ ಎಲ್ಲ ಮುಗಿದಿತ್ತು. 810 ಡಿಗ್ರಿಯಲ್ಲಿ ನೆನೆಸಿ ಎಣ್ಣೆಗೆ ಇಳಿಸಿದಾಗ ಸಂಜೆ ಆರೂವರೆ. ಅರ್ಧ ಗಂಟೆ ಬಿಟ್ಟು ತೆಗೆದು ಒರೆಸಿದೆ. ಅರ ಹಾಕಿ ಉಜ್ಜಿದರೆ ಅರ ಜಾರಿಹೋಯಿತು. ರಾಕ್‌ವೆಲ್‌ನಲ್ಲಿ 64. ಎಷ್ಟು ಖುಷಿ ಆಯಿತು ಗೊತ್ತಾ! ಫೋನಿನಲ್ಲಿ ಆ ಮುಳ್ಳಿನ ಫೋಟೋ ಕೂಡ ತೆಗೆದುಕೊಂಡೆ.

ಟೆಂಪರಿಂಗ್ ಓವನ್ನಿನಲ್ಲಿ ಬೇರೆಯವರ ಶಾಫ್ಟ್‌ಗಳು ಇದ್ದವು. 550ರಲ್ಲಿ ಓಡುತ್ತಿತ್ತು. ಅದು ಮುಗಿದು, ಓವನ್ 200ಕ್ಕೆ ಇಳಿಯಲು ರಾತ್ರಿ ಹನ್ನೊಂದಾದರೂ ಆಗುತ್ತಿತ್ತು. ನಾನು ಯೋಚಿಸಿದ್ದು ಇಷ್ಟು: ಟೆಂಪರ್ ಅಂದರೆ ಗಡಸುತನವನ್ನು ಸ್ವಲ್ಪ ಇಳಿಸುವುದು, 64 ಇದ್ದದ್ದನ್ನು 60ಕ್ಕೆ ತರುವುದು. ಇಳಿಸುವುದಕ್ಕೆ ಏನು ಅವಸರ? ಸೋಮವಾರ ಇಳಿಸಿದರಾಯಿತು. ಜಾಬ್ ಕಾರ್ಡ್‌ನಲ್ಲಿ ಹಾರ್ಡನಿಂಗ್ ಅಂತ ಒಂದು ಕಾಲಂ, ಟೆಂಪರಿಂಗ್ ಅಂತ ಇನ್ನೊಂದು. ಮೊದಲನೆಯದಕ್ಕೆ ಟಿಕ್ ಹಾಕಿದೆ. ಎರಡನೆಯದನ್ನು ಖಾಲಿ ಬಿಟ್ಟೆ.

ಶಟರ್ ಎಳೆಯುವಾಗ ಒಳಗಿನಿಂದ 'ಟಿಣ್' ಅಂತ ಒಂದು ಸದ್ದು ಬಂತು. ಸ್ಪ್ಯಾನರ್ ಬಿತ್ತೇನೋ ಅಂದುಕೊಂಡು ಬೀಗ ಹಾಕಿ ಬಸ್ ಸ್ಟಾಪಿಗೆ ನಡೆದೆ.

ಸೋಮವಾರ ನೋಡಿದರೆ ಎರಡು ಪ್ಲೇಟ್‌ನಲ್ಲಿ ಬಿರುಕು. ಬೋಲ್ಟ್ ತೂತಿನಿಂದ ಹೊರಟು ಅಂಚಿನವರೆಗೆ, ಕೂದಲೆಳೆಯಷ್ಟು ಸಣ್ಣ ಗೆರೆ. ಉಗುರು ಆಡಿಸಿದರೆ ಮಾತ್ರ ತಿಳಿಯುತ್ತಿತ್ತು.

ಆಮೇಲೆ ನಾನು ಮಾಡಿದ್ದು ನೀವು ಈಗ ಮಾಡಹೊರಟಿರುವುದನ್ನೇ. ಎಣ್ಣೆಯನ್ನು ಬೈದೆ. ಹಳೇ ಎಣ್ಣೆ, ಅದರಲ್ಲಿ ನೀರು ಸೇರಿದೆ, ಅದಕ್ಕೇ ಒಡೆಯಿತು ಅಂತ ಮಾಲೀಕರಿಗೆ ಹೇಳಿ ಒಂದು ಬ್ಯಾರಲ್ ಹೊಸ ಕ್ವೆಂಚಿಂಗ್ ಎಣ್ಣೆ ತರಿಸಿದೆ. ಮುಂದಿನ ವಾರ ಆರು ಪಂಚ್‌ಗಳನ್ನು ಹೊಸ ಎಣ್ಣೆಯಲ್ಲಿ ಮಾಡಿದೆ. ಅವನ್ನೂ ರಾತ್ರಿ ಹಾಗೇ ಬಿಟ್ಟೆ, ಯಾಕೆಂದರೆ ಓವನ್ ಒಂದೇ ಅಲ್ವಾ. ಬೆಳಿಗ್ಗೆ ಎರಡು ಹೋಗಿದ್ದವು.

ಪಕ್ಕದ ಶೆಡ್‌ನಲ್ಲಿ ಗ್ರೈಂಡಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು ಟೀ ಕುಡಿಯಲು ಬಂದವರು ಬಿರುಕು ಬಿಟ್ಟ ಪ್ಲೇಟನ್ನು ವೈಸ್‌ಗೆ ಕಚ್ಚಿಸಿ ಸುತ್ತಿಗೆಯಿಂದ ಎರಡು ಹೋಳು ಮಾಡಿದರು. ಒಡೆದ ಮುಖ ತೋರಿಸಿ ಕೇಳಿದರು: "ಇದರೊಳಗೆ ಎಣ್ಣೆ ಎಲ್ಲಿದೆಯಪ್ಪಾ?" ಇರಲಿಲ್ಲ. ಬೂದು ಬಣ್ಣ, ರೇಷ್ಮೆಯಂತೆ ನುಣುಪು, ಪೂರ್ತಿ ಒಣ. ಎಣ್ಣೆಯಲ್ಲಿದ್ದಾಗ ಬಿರುಕು ಬಿಟ್ಟಿದ್ದರೆ ಎಣ್ಣೆ ಒಳಗೆ ಇಳಿದು ಕಲೆ ಮಾಡಿರಬೇಕು. ಕಲೆ ಇಲ್ಲ ಅಂದರೆ ಹೊರಗೆ ಬಂದ ಮೇಲೆ, ಬೆಂಚಿನ ಮೇಲೆ ಕೂತಿದ್ದಾಗ ಒಡೆದಿದೆ. ಅವರು ಕೇಳಿದ ಎರಡನೆಯ ಪ್ರಶ್ನೆ, ನಾನು ನಿಮಗೆ ಮೇಲೆ ಕೇಳಿದ್ದು.

ನೀವೂ ಇದನ್ನೇ ಮಾಡಿ. ಹೇಗೂ ಹಾಳಾದ ಪ್ಲೇಟ್ ತಾನೇ, ಒಡೆದು ನೋಡಿ. ಒಳಗೆ ಕಪ್ಪು ಪೊರೆ ಇದ್ದರೆ ಬಿರುಕು ಕಾಯಿಸುವ ಮೊದಲೇ ಇತ್ತು, ಅಂದರೆ ಮೆಟೀರಿಯಲ್ ಅಥವಾ ಮಶೀನಿಂಗ್ ತಪ್ಪು. ಎಣ್ಣೆ ಕಲೆ ಇದ್ದರೆ ಟ್ಯಾಂಕಿನಲ್ಲೇ ಒಡೆದಿದೆ, ಆಗ ಎಣ್ಣೆಯ ಮೇಲೆ ಅನುಮಾನ ಪಡಿ. ಒಣಗಿದ ಬೂದು ಬಣ್ಣ ಇದ್ದರೆ ಎಣ್ಣೆಗೆ ದುಡ್ಡು ಸುರಿಯಬೇಡಿ.

ಈಗ ಅಸಲು ವಿಷಯ. ನನಗೆ ಇದು ಅರ್ಥವಾಗಲು ಬಹಳ ದಿನ ಹಿಡಿಯಿತು, ಹಾಗಾಗಿ ಸ್ವಲ್ಪ ಎಳೆದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕಬ್ಬಿಣದ ಪರಮಾಣುಗಳು ತಣ್ಣಗಿದ್ದಾಗ ಒಂದು ಥರ ಜೋಡಿಸಿಕೊಂಡಿರುತ್ತವೆ, ಕೆಂಪಗೆ ಕಾದಾಗ ಇನ್ನೊಂದು ಥರ. ಕರಗುವುದೇನೂ ಇಲ್ಲ. ಗಟ್ಟಿಯಾಗಿ ಇದ್ದಹಾಗೇ ಒಳಗಿನ ಜೋಡಣೆ ಮಗುಚಿಕೊಳ್ಳುತ್ತದೆ. ಶುದ್ಧ ಕಬ್ಬಿಣದಲ್ಲಿ ಇದು 912 ಡಿಗ್ರಿಯಲ್ಲಿ. ಕಾರ್ಬನ್ ಸೇರಿದ ಉಕ್ಕಿನಲ್ಲಿ 727ರ ಸುಮಾರಿಗೇ ಶುರು. ಕಾದಾಗಿನ ಜೋಡಣೆ ಆಸ್ಟೆನೈಟ್. ಗಾಡಿಯ ಮೇಲೆ ಕಿತ್ತಳೆ ಹಣ್ಣನ್ನು ಗೋಪುರದಂತೆ ಒತ್ತೊತ್ತಾಗಿ ಪೇರಿಸಿರುತ್ತಾರಲ್ಲ, ಅದೇ ಥರ. ತಣ್ಣಗಿನ ಜೋಡಣೆ ಫೆರೈಟ್, ಅದು ಸ್ವಲ್ಪ ಸಡಿಲ. ತಮಾಷೆ ಏನೆಂದರೆ, ಒತ್ತಾಗಿರುವ ಆಸ್ಟೆನೈಟೇ ಕಾರ್ಬನ್ನಿಗೆ ಜಾಸ್ತಿ ಜಾಗ ಕೊಡುತ್ತದೆ, ಯಾಕೆಂದರೆ ಅದರಲ್ಲಿ ಒಂದೊಂದು ಸಂದಿಯೂ ದೊಡ್ಡದು. ಫೆರೈಟ್ ಹೆಚ್ಚೆಂದರೆ ಶೇ. 0.02ರಷ್ಟು ಕಾರ್ಬನ್ ಇಟ್ಟುಕೊಳ್ಳುತ್ತದೆ. ಆಸ್ಟೆನೈಟ್ ಶೇ. 2ರವರೆಗೆ. ನಿಮ್ಮ ಓಎಚ್‌ಎನ್‌ಎಸ್‌ನಲ್ಲಿರುವುದು ಸುಮಾರು 0.9.

ನಿಧಾನವಾಗಿ ಆರಿಸಿದರೆ ಕಾರ್ಬನ್ ಹೊರಗೆ ಬಂದು ಬೇರೆ ಕೂರುತ್ತದೆ, ಉಕ್ಕು ಮೆತ್ತಗಾಗುತ್ತದೆ. ಎಣ್ಣೆಗೆ ಮುಳುಗಿಸಿದರೆ ಕಾರ್ಬನ್ನಿಗೆ ಹೊರಡಲು ಹೊತ್ತೇ ಸಿಗುವುದಿಲ್ಲ. ಈ ಉಕ್ಕು ಸುಮಾರು 200 ಡಿಗ್ರಿಗೆ ಇಳಿಯುವವರೆಗೂ ಆಸ್ಟೆನೈಟಾಗಿಯೇ ಇರುತ್ತದೆ. ಆಮೇಲೆ ಜೋಡಣೆ ದಢಕ್ಕನೆ ತಿರುಗುತ್ತದೆ. ಲೋಹದೊಳಗೆ ಶಬ್ದ ಹೋಗುವ ವೇಗಕ್ಕೆ ಹತ್ತಿರ. ಕಾರ್ಬನ್ ಒಳಗೇ ಸಿಕ್ಕಿಹಾಕಿಕೊಂಡು ಇಡೀ ಚೌಕಟ್ಟನ್ನು ಒಂದು ಕಡೆಗೆ ಎಳೆದು ಉದ್ದ ಮಾಡುತ್ತದೆ. ಇದು ಮಾರ್ಟೆನ್ಸೈಟ್. ಜರ್ಮನಿಯ ಆಡಾಲ್ಫ್ ಮಾರ್ಟೆನ್ಸ್ ಹೆಸರು. ಆಸ್ಟೆನೈಟ್ ಅನ್ನುವುದು ಬ್ರಿಟನ್ನಿನ ರಾಬರ್ಟ್ಸ್-ಆಸ್ಟೆನ್ ಹೆಸರು. ಡಿಪ್ಲೊಮಾದಲ್ಲಿ ಈ ಹೆಸರುಗಳನ್ನು ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಚಿತ್ರವನ್ನೂ ಬರೆದಿದ್ದೆ. ಬೆಂಚಿನ ಮೇಲಿದ್ದ ಪ್ಲೇಟಿಗೂ ಆ ಚಿತ್ರಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ ಅಷ್ಟೇ.

ಹೀಗೆ ತಿರುಗುವಾಗ ಉಕ್ಕು ಹಿಗ್ಗುತ್ತದೆ, ಗಾತ್ರದಲ್ಲಿ ಶೇ. 4ರ ಹತ್ತಿರ. ಫ್ರೀಜರಿನಲ್ಲಿ ತುಂಬಿದ ಗಾಜಿನ ಬಾಟಲಿ ಮರೆತರೆ ಏನಾಗುತ್ತದೆ? ಅದೇ ಇಲ್ಲೂ. ಆದರೆ ಇಲ್ಲಿ ಬಾಟಲಿಯೂ ಉಕ್ಕೇ, ಒಳಗಿನ ನೀರೂ ಉಕ್ಕೇ. ಮೊದಲು ತಣ್ಣಗಾಗುವುದು ಹೊರಮೈ. ಅದು ಮೊದಲು ತಿರುಗಿ ಗಾಜಿನಂತೆ ಗಡುಸಾಗುತ್ತದೆ. ಆಮೇಲೆ ಒಳಗಿನದು ತಿರುಗಿ ಹಿಗ್ಗುತ್ತದೆ. ಹೊರಮೈ ಬಗ್ಗುವ ಸ್ಥಿತಿಯಲ್ಲಿಲ್ಲ. ಸುಮ್ಮನೆ ಬಿಗಿಹಿಡಿದುಕೊಂಡು ಕೂತಿರುತ್ತದೆ.

ಇನ್ನೊಂದು ವಿಷಯ. ಈ ತಿರುಗುವಿಕೆ ಹೊತ್ತಿನ ಮೇಲೆ ನಿಂತಿಲ್ಲ, ಎಷ್ಟು ತಣ್ಣಗಾಯಿತು ಅನ್ನುವುದರ ಮೇಲೆ ನಿಂತಿದೆ. ಕೋಣೆಯ ಶಾಖಕ್ಕೆ ಬಂದರೂ ಒಂದಷ್ಟು ಆಸ್ಟೆನೈಟ್ ತಿರುಗದೆ ಉಳಿದಿರುತ್ತದೆ. ಬೆಂಗಳೂರಿನ ಜನವರಿ ರಾತ್ರಿ 15 ಡಿಗ್ರಿಗೆ ಇಳಿಯುತ್ತದೆ. ಉಳಿದದ್ದರಲ್ಲಿ ಇನ್ನಷ್ಟು ತಿರುಗುತ್ತದೆ, ಇನ್ನಷ್ಟು ಹಿಗ್ಗುತ್ತದೆ. ಮೊದಲೇ ಬಿಗಿದು ಕೂತ ಹೊರಮೈ ಎಲ್ಲಿ ಸೋಲುತ್ತದೆ? ಬೋಲ್ಟ್ ತೂತಿನ ಚೂಪು ಮೂಲೆಯಲ್ಲಿ. ನಾನು ಬೀಗ ಹಾಕುವಾಗ ಕೇಳಿದ 'ಟಿಣ್' ಅದು.

ಅಂದರೆ ನಾನು ಟಿಕ್ ಹಾಕಿದಾಗ ಕೆಲಸ ಮುಗಿದಿರಲಿಲ್ಲ. 64 ತೋರಿಸಿದ ಮುಳ್ಳು ಸುಳ್ಳು ಹೇಳಲಿಲ್ಲ, ಅದು ಅರ್ಧ ಕೆಲಸದ ಲೆಕ್ಕ ಅಷ್ಟೇ. ಟೆಂಪರ್ ಮಾಡುವುದೆಂದರೆ 64ನ್ನು 60 ಮಾಡುವುದಲ್ಲ. 180ರಿಂದ 200 ಡಿಗ್ರಿಯಲ್ಲಿ ಸಿಕ್ಕಿಹಾಕಿಕೊಂಡ ಕಾರ್ಬನ್ ಸ್ವಲ್ಪ ಸ್ವಲ್ಪ ಹೊರಬಂದು ಸಣ್ಣ ಕಾರ್ಬೈಡ್ ಕಣಗಳಾಗುತ್ತದೆ, ಚೌಕಟ್ಟು ಸಡಿಲಾಗುತ್ತದೆ, ಬಿಗಿ ಇಳಿಯುತ್ತದೆ. ಗಡಸುತನ ಇಳಿಯುವುದು ಅದರ ಜೊತೆಗೆ ಕೊಡುವ ಬೆಲೆ.

ನನ್ನ ದೊಡ್ಡಪ್ಪನಿಗೆ ಊರಿನಲ್ಲಿ ಕುಲುಮೆ ಇತ್ತು. ಅವರೇನೂ ಮಹಾ ಪಂಡಿತರಲ್ಲ, ಅವರು ಮಾಡಿದ ಕುಡುಗೋಲು ಹಲ್ಲು ಹೋಗಿ ವಾಪಸ್ ಬಂದದ್ದೂ ಉಂಟು. ಆದರೆ ಈ ತಪ್ಪು ಅವರು ಒಮ್ಮೆಯೂ ಮಾಡಲಿಲ್ಲ. ಅಂಚನ್ನಷ್ಟೇ ನೀರಿಗೆ ಅದ್ದಿ, ಪೂರ್ತಿ ಆರುವ ಮೊದಲೇ ಎತ್ತಿ, ಕಲ್ಲಿಗೆ ಎರಡು ಸಲ ಉಜ್ಜಿ ಬೆಳಕಿಗೆ ಹಿಡಿಯುತ್ತಿದ್ದರು. ಬೆನ್ನಿನಲ್ಲಿ ಉಳಿದ ಕಾವು ಅಂಚಿಗೆ ಹರಿಯುತ್ತಿತ್ತು. ಬಿಳಿ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಬರುತ್ತಿತ್ತು, ಆಮೇಲೆ ಕಂದು, ಆಮೇಲೆ ನೇರಳೆ. ನೀಲಿಗೆ ಹೋಗುವ ಮುಂಚೆ ಮತ್ತೆ ನೀರಿಗೆ. ಒಣಹುಲ್ಲಿನ ಬಣ್ಣ ಅಂದರೆ 230ರ ಸುಮಾರು, ನೀಲಿ ಅಂದರೆ 300ರ ಸುಮಾರು ಅಂತ ನನಗೆ ಆಮೇಲೆ ಗೊತ್ತಾಯಿತು. ಎಲ್ಲ ಸೇರಿ ಒಂದೆರಡು ನಿಮಿಷದ ಕೆಲಸ. ಅವರ ಬಾಯಲ್ಲಿ ಹಾರ್ಡನಿಂಗ್ ಬೇರೆ, ಟೆಂಪರಿಂಗ್ ಬೇರೆ ಅಂತ ಎರಡು ಮಾತೇ ಇರಲಿಲ್ಲ. 'ಹದ ಹಾಕೋದು' ಅಷ್ಟೇ. ಒಂದೇ ಕೆಲಸಕ್ಕೆ ಎರಡು ಕಾಲಂ ಮಾಡಿಕೊಂಡವರು ನಾವು.

ಸರಿ, ನಿಮ್ಮ ಪ್ಲೇಟಿಗೆ ಬರೋಣ. ಎಣ್ಣೆಯಿಂದ ಪೂರ್ತಿ ತಣ್ಣಗಾದ ಮೇಲೆ ತೆಗೆಯಬೇಡಿ. 60 ಡಿಗ್ರಿ ಆಸುಪಾಸಿನಲ್ಲಿ, ಒಂದು ಕ್ಷಣ ಮುಟ್ಟಬಹುದು ಆದರೆ ಬರಿಗೈಯಲ್ಲಿ ಹಿಡಿದುಕೊಳ್ಳಲಾಗದು ಅನ್ನುವಷ್ಟು ಬಿಸಿ ಇರುವಾಗಲೇ ತೆಗೆದು ನೇರ ಓವನ್ನಿಗೆ ಹಾಕಿ. ಓವನ್ ಅಷ್ಟೊತ್ತಿಗೆ ಕಾದು ಕಾಯುತ್ತಿರಬೇಕು. ಪ್ಲೇಟು ಓವನ್ನಿಗೆ ಕಾಯಬಾರದು. 200ರಲ್ಲಿ ಎರಡು ಗಂಟೆಯಾದರೂ ಇಡಿ, 40 ಮಿಲಿಮೀಟರ್ ದಪ್ಪಕ್ಕೆ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಲಿ. ಓವನ್ ಖಾಲಿ ಇಲ್ಲದಿದ್ದರೆ ಅವತ್ತು ಹಾರ್ಡನಿಂಗೇ ಮಾಡಬೇಡಿ. ಮಾಡಲೇಬೇಕು ಅಂತಿದ್ದರೆ ಒಂದು ಒಟಿಜಿ ಇಟ್ಟುಕೊಳ್ಳಿ, ಕೇಕ್ ಬೇಯಿಸುವ ಒಟಿಜಿಯೇ. 150ರಲ್ಲಿ ಒಂದೆರಡು ಗಂಟೆ ಇಟ್ಟರೂ ರಾತ್ರಿ ದಾಟುತ್ತದೆ, ಸರಿಯಾದ ಟೆಂಪರ್ ಬೆಳಿಗ್ಗೆ ಮಾಡಿಕೊಳ್ಳಬಹುದು. ಅದೂ ಇಲ್ಲದಿದ್ದರೆ ಕುದಿಯುವ ನೀರಿನಲ್ಲಿ ಹಾಕಿಡಿ. ನಗಬೇಡಿ, ಬೆಂಚಿನ ಮೇಲೆ ಬಿಡುವುದಕ್ಕಿಂತ ಅದು ಎಷ್ಟೋ ವಾಸಿ.

ಬೋಲ್ಟ್ ತೂತು ಅಂಚಿಗೆ ಹತ್ತಿರ ಇದ್ದರೆ ಬೆಂಕಿ ತಾಳುವ ಮಣ್ಣು, ಅಂದರೆ ಫೈರ್‌ಕ್ಲೇ ತುಂಬಿ. ಒಳಮೂಲೆಗಳಿಗೆ ಸ್ವಲ್ಪವಾದರೂ ರೇಡಿಯಸ್ (ದುಂಡಗಿನ ತಿರುವು) ಕೊಡಲು ಡ್ರಾಯಿಂಗ್ ಮಾಡುವವರ ಜೊತೆ ಜಗಳ ಆಡಿ. ನಿಮ್ಮ ಪ್ರಶ್ನೆಯ ಕೆಳಗೆ ಕಾಮೆಂಟಿನಲ್ಲಿ ಯಾರೋ, ಕಾದ ಉಕ್ಕಿಗೆ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟದಿದ್ದರೆ ಉಕ್ಕು ಎಣ್ಣೆಗೆ ರೆಡಿ ಅಂದಿದ್ದಾರೆ. ಕುಡುಗೋಲಿಗೆ ಸಾಕು, ಡೈಗೆ ಸಾಲದು. ಮ್ಯಾಗ್ನೆಟ್ ಬಿಡುವುದು 770ರಲ್ಲಿ ಅಥವಾ ಅದಕ್ಕೂ ಕೆಳಗೆ, ನಿಮ್ಮ ಉಕ್ಕಿಗೆ ಬೇಕಾದ್ದು 790ರಿಂದ 815. ಫರ್ನೇಸಿನ ಶಾಖ ಅಳೆಯುವ ಥರ್ಮೋಕಪಲ್ ಚೆಕ್ ಮಾಡಿಸಿ.

ಡಿ2 ವಿಚಾರ. ಅದು ಗಾಳಿಯಲ್ಲೇ ಗಡುಸಾಗುತ್ತದೆ, ಎಣ್ಣೆಯ ಹೊಡೆತ ಇಲ್ಲ, ನಿಜ. ಆದರೆ ಅದಕ್ಕೆ 1000 ಡಿಗ್ರಿ ದಾಟಬೇಕು. ನಿಮ್ಮ ಫರ್ನೇಸ್ ಅಲ್ಲಿಗೆ ಹೋಗುತ್ತದಾ? ಹೋದರೂ ಡಿ2ನಲ್ಲಿ ತಿರುಗದೆ ಉಳಿಯುವ ಆಸ್ಟೆನೈಟ್ ಇನ್ನೂ ಜಾಸ್ತಿ, ಎರಡೆರಡು ಸಲ ಟೆಂಪರ್ ಮಾಡಬೇಕು. ಒಂದು ಸಲದ ಟೆಂಪರನ್ನೇ ನಾಳೆಗೆ ಬಿಡುವವರು ಎರಡು ಸಲ ಮಾಡುತ್ತಾರಾ? ಸ್ವಲ್ಪ ಒರಟಾಗಿ ಹೇಳಿದೆ, ಆದರೆ 2011ರಲ್ಲಿ ನನಗೆ ಯಾರಾದರೂ ಹೀಗೆ ಹೇಳಿದ್ದರೆ ಒಂದು ಬ್ಯಾರಲ್ ಎಣ್ಣೆ ಉಳಿಯುತ್ತಿತ್ತು.

ನಿಮ್ಮ ಉಳಿದ ಎರಡು ಪ್ಲೇಟ್ ಬಿರುಕು ಬಿಡದೆ ಇವೆಯಲ್ಲ, ಅವನ್ನು ಇದನ್ನು ಓದಿದ ತಕ್ಷಣ ಓವನ್ನಿಗೆ ಹಾಕಿ. ಬೆಳಿಗ್ಗೆ ಅಲ್ಲ.